ಬಿಜಾಪುರ, ವಿಜಯಪುರ ಮತ್ತು ಗ್ರಂಥಾಲಯದ ಲಿಂಕ್ಡ್ ಡೇಟಾ

ವಿಜಯಪುರ ಜಿಲ್ಲೆಯ ಇತಿಹಾಸದ ಮೇಲೆ ಪ್ರಬಂಧ ಬರೆಯಲು ಹೊರಟ ವಿದ್ಯಾರ್ಥಿಯೊಬ್ಬ ತನ್ನ ಕಾಲೇಜು ಗ್ರಂಥಾಲಯದ ಗಣಕೀಕೃತ ಪುಸ್ತಕಸೂಚಿಯಾದ ಓಪ್ಯಾಕ್‌ನಲ್ಲಿ ‘ವಿಜಯಪುರ’ ಎಂದು ಹುಡುಕಿದರೆ, ಅವನಿಗೆ ಸಿಗುವವು ಬಹುಮಟ್ಟಿಗೆ 2014ರ ನವೆಂಬರ್ 1ರ ನಂತರ ಅಚ್ಚಾದ ಪುಸ್ತಕಗಳು. ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾದದ್ದು ಆ ದಿನ. ‘ಬಿಜಾಪುರ’ ಎಂದು ಹುಡುಕಿದರೆ ಅದಕ್ಕೂ ಹಿಂದಿನವು ಬರುತ್ತವೆ. ಅವುಗಳ ನಡುವೆ ಛತ್ತೀಸಗಢದ ಬಿಜಾಪುರ ಜಿಲ್ಲೆಯ ಯಾವುದೋ ವರದಿ ನುಸುಳಿದರೂ ಅಚ್ಚರಿಯಿಲ್ಲ. ದೇವನಹಳ್ಳಿ ತಾಲ್ಲೂಕಿನಲ್ಲಿಯೂ ಒಂದು ವಿಜಯಪುರವಿದೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಕುರಿತ ಹಳೆಯ ಪುಸ್ತಕಗಳೆಲ್ಲ ಬಿಜಾಪುರ ಜಿಲ್ಲೆಯ ಹೆಸರಿನಡಿಯಲ್ಲೇ ಕುಳಿತಿವೆ. ಇನ್ನೂ ಹಿಂದಕ್ಕೆ ಹೋದರೆ, 1880ರ ದಶಕದಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಬರುವ ಮೊದಲು ಇದೇ ಸೀಮೆಯನ್ನು ಸರಕಾರಿ ಕಾಗದಗಳು ಕಲಾದಗಿ ಜಿಲ್ಲೆ ಎಂದು ಕರೆಯುತ್ತಿದ್ದವು, ಮತ್ತು ಆ ಕಲಾದಗಿ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ.

ಇದು ತಂತ್ರಾಂಶದ ದೋಷವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ತೊಡಕಿರುವುದು ಅದಕ್ಕಿಂತ ಕೆಳಗಿನ ಪದರದಲ್ಲಿ, ಅಂದರೆ ಸೂಚಿಯೊಳಗೆ ಏನನ್ನು ತುಂಬಿಡುತ್ತೇವೆ ಎಂಬುದರಲ್ಲಿ. ನಮ್ಮ ಸೂಚಿಗಳು ಇಂದಿಗೂ ಊರನ್ನು, ವ್ಯಕ್ತಿಯನ್ನು, ವಿಷಯವನ್ನು ಅಕ್ಷರಗಳ ಸಾಲಾಗಿ ಮಾತ್ರ ಹಿಡಿದಿಟ್ಟುಕೊಂಡಿವೆ. ಎರಡು ಸಾಲುಗಳು ಅಕ್ಷರಕ್ಕೆ ಅಕ್ಷರ ಹೊಂದಿದರೆ ಗಣಕಕ್ಕೆ ಅವು ಒಂದೇ; ಹೊಂದದಿದ್ದರೆ ಬೇರೆ. ಕಳೆದ ಎರಡು ದಶಕಗಳಿಂದ ಜಗತ್ತಿನ ದೊಡ್ಡ ಗ್ರಂಥಾಲಯಗಳು ಅನುಸರಿಸತೊಡಗಿರುವ ಲಿಂಕ್ಡ್ ಡೇಟಾ ಎಂಬ ಪದ್ಧತಿ ಈ ಅವಲಂಬನೆಯನ್ನು ಬಿಡಿಸಲು ಹೊರಟಿದೆ. ಅದರ ಒಳಗುಟ್ಟನ್ನೂ, ಅದು ಸೂಚೀಕಾರರ ದಿನನಿತ್ಯದ ಕೆಲಸವನ್ನು ಹೇಗೆ ಬದಲಿಸುತ್ತಿದೆ ಎಂಬುದನ್ನೂ ನಮ್ಮ ಸೀಮೆಯ ಪುಸ್ತಕಗಳನ್ನೇ ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಕಾರ್ಡಿನಿಂದ ಮಾರ್ಕ್‌ವರೆಗೆ

ಗ್ರಂಥಾಲಯದ ಸೂಚಿ ಏನು ಮಾಡಬೇಕೆಂಬುದನ್ನು ಅಮೆರಿಕದ ಚಾರ್ಲ್ಸ್ ಅಮ್ಮಿ ಕಟರ್ 1876ರಷ್ಟು ಹಿಂದೆಯೇ ಸ್ಪಷ್ಟವಾಗಿ ಹೇಳಿದ್ದರು. ಲೇಖಕ, ಶೀರ್ಷಿಕೆ ಅಥವಾ ವಿಷಯ, ಇವುಗಳಲ್ಲಿ ಯಾವುದಾದರೂ ಒಂದು ಗೊತ್ತಿದ್ದರೆ ಓದುಗನಿಗೆ ಪುಸ್ತಕ ಸಿಗಬೇಕು. ಒಬ್ಬ ಲೇಖಕನ ಅಥವಾ ಒಂದು ವಿಷಯದ ಎಷ್ಟು ಪುಸ್ತಕಗಳು ಗ್ರಂಥಾಲಯದಲ್ಲಿವೆ ಎಂಬುದೂ ಒಟ್ಟಿಗೆ ಕಾಣಬೇಕು. ಮೊದಲನೆಯ ಕೆಲಸ ಸುಲಭ, ಎರಡನೆಯದು ಕಷ್ಟ. ಒಬ್ಬನೇ ಲೇಖಕ ನಾಲ್ಕು ಹೆಸರಿನಲ್ಲಿ ಬರೆದಿದ್ದರೆ ಆ ನಾಲ್ಕನ್ನೂ ಒಂದೆಡೆ ತರುವ ಹೊಣೆ ಸೂಚೀಕಾರನದು. ಇದಕ್ಕಾಗಿಯೇ ಅಥಾರಿಟಿ ಫೈಲ್ ಎಂಬ ಅಧಿಕೃತ ನಾಮಾವಳಿ ಹುಟ್ಟಿತು: ಒಂದು ರೂಪವನ್ನು ಅಧಿಕೃತವೆಂದು ಗೊತ್ತುಮಾಡಿ, ಉಳಿದ ರೂಪಗಳಿಂದ ‘ಇದಕ್ಕೆ ಅಲ್ಲಿ ನೋಡಿ’ ಎಂಬ ಕಾರ್ಡುಗಳನ್ನು ಡ್ರಾಯರಿನಲ್ಲಿ ಇಡುವ ಪದ್ಧತಿ ಅದು. ಚೆನ್ನಾಗಿ ನಡೆಯುತ್ತಿದ್ದ ಹಳೆಯ ಗ್ರಂಥಾಲಯಗಳಲ್ಲಿ ಈ ಕಾರ್ಡುಗಳೇ ಗ್ರಂಥಪಾಲಕರ ವಿದ್ವತ್ತಿನ ನಿಜವಾದ ಸಾಕ್ಷಿ. ಗಣಕೀಕರಣದ ಅವಸರದಲ್ಲಿ ಅನೇಕ ಕಡೆ ಪುಸ್ತಕದ ಕಾರ್ಡುಗಳನ್ನು ಮಾತ್ರ ಬೆರಳಚ್ಚಿಸಿ, ಈ ‘ನೋಡಿ’ ಕಾರ್ಡುಗಳನ್ನು ಕೈಬಿಡಲಾಯಿತು. ಆದ ನಷ್ಟ ದೊಡ್ಡದು, ಅದು ಹೆಚ್ಚಿನವರ ಗಮನಕ್ಕೂ ಬರಲಿಲ್ಲ.

1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ಎಂಬ ಪ್ರೋಗ್ರಾಮರ್ ಮಾರ್ಕ್ ಎಂಬ ದಾಖಲೆ ಮಾದರಿಯನ್ನು ರೂಪಿಸಿದರು. ಯಂತ್ರ ಓದಬಲ್ಲ ಸೂಚೀಕರಣ ಎಂಬುದು ಆ ಹೆಸರಿನ ಸಾರ. ಅದರಲ್ಲಿ ಪ್ರತಿಯೊಂದು ವಿವರಕ್ಕೂ ಮೂರಂಕಿಯ ಮನೆಯೊಂದಿದೆ: ಮುಖ್ಯ ಲೇಖಕನಿಗೆ 100, ಶೀರ್ಷಿಕೆಗೆ 245, ವಿಷಯಕ್ಕೆ 650, ಸ್ಥಳವೇ ವಿಷಯವಾದರೆ 651, ಉಳಿದ ಕರ್ತೃಗಳಿಗೆ 700. ಅಂದಿನ ಮುಖ್ಯ ಗುರಿಗಳಲ್ಲಿ ಒಂದು ಕಾರ್ಡುಗಳನ್ನು ಅಚ್ಚು ಹಾಕಿ ಗ್ರಂಥಾಲಯಗಳಿಗೆ ಹಂಚುವುದಾಗಿದ್ದರಿಂದ, ಕಾರ್ಡಿನ ಮೇಲೆ ಮನುಷ್ಯ ಓದುವ ಸಾಲನ್ನೇ ಮಾರ್ಕ್ ತನ್ನ ಮನೆಗಳಲ್ಲಿ ತುಂಬಿಕೊಂಡಿತು. ನಮ್ಮ ಗ್ರಂಥಾಲಯಗಳಲ್ಲಿ ಹೆಚ್ಚಾಗಿ ಕಾಣುವ ತಂತ್ರಾಂಶಗಳಾದ ಕೋಹಾ ಮತ್ತು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ರೂಪಿಸಿದ ಸೋಲ್, ಎರಡೂ ಮಾರ್ಕ್ ದಾಖಲೆಗಳನ್ನು ಬಳಸುತ್ತವೆ. ಹೀಗಾಗಿ ನಾವು ಕಾರ್ಡಿನ ಕಾಲವನ್ನು ದಾಟಿದ್ದೇವೆಂದು ತಿಳಿದುಕೊಂಡಿದ್ದರೂ, ನಮ್ಮ ಸರ್ವರ್‌ಗಳಲ್ಲಿ ಕಾರ್ಡೇ ಕುಳಿತಿದೆ.

ಒಂದು ದಾಖಲೆಯನ್ನು ಹತ್ತಿರದಿಂದ ನೋಡೋಣ. ವಚನ ಸಾಹಿತ್ಯದ ಹಸ್ತಪ್ರತಿಗಳನ್ನು ಊರೂರು ತಿರುಗಿ ಕೂಡಿಹಾಕಿ ಪ್ರಕಟಿಸಿದ ಫ.ಗು. ಹಳಕಟ್ಟಿಯವರ ಪುಸ್ತಕವೊಂದಕ್ಕೆ 100ರ ಮನೆಯಲ್ಲಿ ‘ಹಳಕಟ್ಟಿ, ಫ. ಗು., 1880–1964’ ಎಂದಿರುತ್ತದೆ. ಬೇರೊಂದು ಗ್ರಂಥಾಲಯದಲ್ಲಿ ಅದೇ ಜಾಗದಲ್ಲಿ ‘ಫಕೀರಪ್ಪ ಗುರುಬಸಪ್ಪ ಹಳಕಟ್ಟಿ’, ಇನ್ನೊಂದರಲ್ಲಿ ‘ಹಳಕಟ್ಟಿ ಪಿ.ಜಿ.’, ರೋಮನ್ ಲಿಪಿಯಲ್ಲಿ ದಾಖಲಿಸುವ ಕಡೆ ಮತ್ತೆರಡು ಮೂರು ಕಾಗುಣಿತ. ಅವರ ಹೆಸರನ್ನೇ ಇಟ್ಟುಕೊಂಡ ಸಂಶೋಧನಾ ಕೇಂದ್ರ ಪ್ರಕಟಿಸಿದ ಪುಸ್ತಕಗಳು ‘ಹಳಕಟ್ಟಿ’ ಎಂಬ ಹುಡುಕಾಟದಲ್ಲಿ ಅವರು ಬರೆದ ಪುಸ್ತಕಗಳ ಜೊತೆಗೇ ಬಂದು ನಿಲ್ಲುತ್ತವೆ, ಅವರನ್ನು ಕುರಿತು ಇತರರು ಬರೆದ ಪುಸ್ತಕಗಳೂ ಅಲ್ಲಿಯೇ ಸೇರುತ್ತವೆ. ಓದುಗ ಮನುಷ್ಯನಾದ್ದರಿಂದ ಬೇರ್ಪಡಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಶಕ್ತಿಯಿಲ್ಲ.

ಗುರುತು ಮತ್ತು ಹೇಳಿಕೆ

ವೆಬ್ಬನ್ನು ಸೃಷ್ಟಿಸಿದ ಟಿಮ್ ಬರ್ನರ್ಸ್-ಲೀ 2006ರಲ್ಲಿ ಲಿಂಕ್ಡ್ ಡೇಟಾಕ್ಕೆ ನಾಲ್ಕು ನಿಯಮಗಳನ್ನು ಬರೆದಿಟ್ಟರು. ಜಗತ್ತಿನ ಪ್ರತಿಯೊಂದು ವಸ್ತುವಿಗೂ ಯುಆರ್‌ಐ ಎಂಬ ಗುರುತನ್ನು ಕೊಡಿ. ಆ ಗುರುತು ವೆಬ್ ವಿಳಾಸದ ರೂಪದಲ್ಲಿರಲಿ. ಯಾರಾದರೂ ಆ ವಿಳಾಸಕ್ಕೆ ಹೋದರೆ ಪ್ರಯೋಜನಕ್ಕೆ ಬರುವ ಮಾಹಿತಿ ಸಿದ್ಧ ಮಾದರಿಯಲ್ಲಿ ಸಿಗಲಿ. ಆ ಮಾಹಿತಿಯೊಳಗೆ ಬೇರೆ ಗುರುತುಗಳಿಗೆ ಕೊಂಡಿಗಳಿರಲಿ. ಇಲ್ಲಿ ‘ವಸ್ತು’ ಎಂದರೆ ಪುಸ್ತಕ ಮಾತ್ರವಲ್ಲ. ವ್ಯಕ್ತಿ, ಊರು, ಭಾಷೆ, ವಿಷಯ, ಮುದ್ರಣಾಲಯ, ಕೊನೆಗೆ ‘ಸಂಪಾದಕ’ ಎಂಬ ಪಾತ್ರ ಕೂಡ ವಸ್ತುವೇ.

ಗುರುತಿಗೂ ಹೆಸರಿಗೂ ಇರುವ ಅಂತರ ನಮ್ಮ ಕಡೆಯ ರೈತರಿಗೆ ಚೆನ್ನಾಗಿ ಗೊತ್ತು. ಉತಾರದಲ್ಲಿ ಹೊಲದ ಒಡೆಯನ ಹೆಸರು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ, ತಲಾಟಿ ಬದಲಾದಂತೆ ಆ ಹೆಸರಿನ ಕಾಗುಣಿತವೂ ಬದಲಾಗುತ್ತದೆ, ಆದರೆ ಸರ್ವೆ ನಂಬರ್ ಹಾಗೆಯೇ ಉಳಿಯುತ್ತದೆ; ಅಣ್ಣತಮ್ಮಂದಿರು ಪಾಲಾದಾಗ ಹಿಸ್ಸಾ ನಂಬರುಗಳು ಹುಟ್ಟುತ್ತವೆ, ಆಗಲೂ ಮೂಲ ನಂಬರಿನ ಜಾಡು ಅಳಿಯುವುದಿಲ್ಲ. ಯುಆರ್‌ಐ ಮಾಡುವ ಕೆಲಸ ಇಷ್ಟೇ. ಅದರೊಳಗೆ ಹೆಸರು ಇರಬೇಕಾಗಿಲ್ಲ, ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ದತ್ತಾಂಶ ಭಂಡಾರವಾದ ವಿಕಿಡೇಟಾದಲ್ಲಿ ಕನ್ನಡ ಭಾಷೆಯ ಗುರುತು ಕ್ಯೂ33673. ಈ ಅಂಕಿಗೆ ಯಾವ ಅರ್ಥವೂ ಇಲ್ಲ, ಅದಕ್ಕಾಗಿಯೇ ಅದನ್ನು ಯಾರೂ ಬದಲಿಸಬೇಕಾಗಿ ಬರುವುದಿಲ್ಲ. ಅದರ ಅಡಿಯಲ್ಲಿ ಕನ್ನಡದಲ್ಲಿ ಒಂದು ಹೆಸರು, ಮರಾಠಿಯಲ್ಲಿ ಒಂದು, ಉರ್ದುವಿನಲ್ಲಿ ಒಂದು ಹೀಗೆ ಎಷ್ಟು ಬೇಕಾದರೂ ಇರಬಹುದು.

ಗುರುತುಗಳು ಸಿದ್ಧವಾದ ಮೇಲೆ ಅವುಗಳ ನಡುವಿನ ಸಂಬಂಧವನ್ನು ಹೇಳಬೇಕು. ಇದಕ್ಕೆ ಆರ್‌ಡಿಎಫ್ ಎಂಬ ಮಾದರಿಯಿದೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್ ಅದನ್ನು 1999ರಲ್ಲಿ ಶಿಫಾರಸು ಮಾಡಿತು. ಅದರಲ್ಲಿ ಎಲ್ಲ ಮಾಹಿತಿಯೂ ಮೂರು ಭಾಗಗಳ ಚಿಕ್ಕ ಹೇಳಿಕೆಗಳಾಗಿ ಒಡೆಯುತ್ತದೆ: ಯಾವುದರ ಬಗ್ಗೆ, ಯಾವ ಸಂಬಂಧ, ಯಾವುದರೊಡನೆ. ‘ಈ ಪುಸ್ತಕ – ಇದರ ವಿಷಯ – ಬಾದಾಮಿ’ ಎಂಬುದು ಒಂದು ಹೇಳಿಕೆ. ‘ಬಾದಾಮಿ – ಇರುವ ಜಿಲ್ಲೆ – ಬಾಗಲಕೋಟೆ’ ಎಂಬುದು ಇನ್ನೊಂದು, ‘ಬಾಗಲಕೋಟೆ ಜಿಲ್ಲೆ – ಯಾವುದರಿಂದ ಬೇರ್ಪಟ್ಟಿತು – ಬಿಜಾಪುರ ಜಿಲ್ಲೆ’ ಎಂಬುದು ಮತ್ತೊಂದು. ಮೊದಲನೆಯದನ್ನು ಗ್ರಂಥಾಲಯ ಬರೆಯಬೇಕು. ಉಳಿದೆರಡನ್ನು ಬೇರೆ ಯಾರೋ, ಬಹುಶಃ ಭೌಗೋಳಿಕ ದತ್ತಾಂಶ ಇಟ್ಟುಕೊಂಡ ಸಂಸ್ಥೆಯೊಂದು, ಆಗಲೇ ಬರೆದಿಟ್ಟಿರುತ್ತದೆ. ಮೂರೂ ಹೇಳಿಕೆಗಳಲ್ಲಿ ಒಂದೇ ಗುರುತುಗಳು ಬಳಕೆಯಾಗಿದ್ದರೆ, 1997ಕ್ಕೆ ಮೊದಲಿನ ಪುಸ್ತಕವನ್ನೂ ನಂತರದ್ದನ್ನೂ ಯಂತ್ರ ತಾನಾಗಿ ಒಂದೆಡೆ ತಂದು ನಿಲ್ಲಿಸುತ್ತದೆ. ಹಳೆಯ ದಾಖಲೆಗಳ 651ರ ಮನೆಯನ್ನು ಒಂದೊಂದಾಗಿ ತಿದ್ದುತ್ತ ಕೂರುವ ಪ್ರಮೇಯ ಬರುವುದಿಲ್ಲ. ನಾಳೆ ಮತ್ತೊಂದು ಜಿಲ್ಲೆ ಒಡೆದರೂ ತಿದ್ದುಪಡಿ ಒಂದೇ ಜಾಗದಲ್ಲಿ ನಡೆಯುತ್ತದೆ.

ಎರಡು ಬಗೆಯ ಶಬ್ದಪಟ್ಟಿಗಳು

ಲಿಂಕ್ಡ್ ಡೇಟಾದ ವೊಕ್ಯಾಬ್ಯುಲರಿ ಎಂದಾಗ ಎರಡು ಬೇರೆ ಸಂಗತಿಗಳನ್ನು ಕಲಸಿಬಿಡುವುದುಂಟು. ಒಂದು, ಸಂಬಂಧಗಳ ಪಟ್ಟಿ. ಹೇಳಿಕೆಯ ನಡುವಿನ ಭಾಗಕ್ಕೆ ಬೇಕಾದ ‘ಕರ್ತೃ’, ‘ವಿಷಯ’, ‘ಅನುವಾದಕ’, ‘ಯಾವುದರ ಆವೃತ್ತಿ’ ಮುಂತಾದವು ಇದರಲ್ಲಿ ಬರುತ್ತವೆ. 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ಪಟ್ಟಣದಲ್ಲಿ ನಡೆದ ಕಾರ್ಯಾಗಾರದಿಂದ ಬಂದ ಡಬ್ಲಿನ್ ಕೋರ್‌ನ 15 ಅಂಶಗಳು ಇವುಗಳಲ್ಲಿ ಅತ್ಯಂತ ಸರಳವಾದವು. ವಿಶ್ವವಿದ್ಯಾಲಯಗಳು ಪ್ರಬಂಧಗಳನ್ನು ಇರಿಸುವ ಡಿಜಿಟಲ್ ಭಂಡಾರಗಳಲ್ಲಿ ಅವನ್ನು ಕಾಣಬಹುದು. ಗ್ರಂಥಾಲಯಗಳಿಗಾಗಿಯೇ ವಿಸ್ತಾರವಾಗಿ ಕಟ್ಟಿದ ಪಟ್ಟಿಯೆಂದರೆ ಬಿಬ್‌ಫ್ರೇಮ್. ಮಾರ್ಕ್‌ನ ಜಾಗವನ್ನು ತುಂಬಲೆಂದು ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ಆರಂಭಿಸಿದ ಈ ಪ್ರಯತ್ನದ ಎರಡನೆಯ ರೂಪ 2016ರಲ್ಲಿ ಹೊರಬಂತು. ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಇಡೀ ಲಿಬ್ರಿಸ್ ಸಂಯುಕ್ತ ಸೂಚಿಯನ್ನು 2018ರಲ್ಲಿ ಅದಕ್ಕೆ ಒಗ್ಗಿಸಿತು.

ಇನ್ನೊಂದು, ಮೌಲ್ಯಗಳ ಪಟ್ಟಿ. ಹೇಳಿಕೆಯ ಕೊನೆಯ ಭಾಗದಲ್ಲಿ ಏನು ಬರಬೇಕೆಂಬುದನ್ನು ಇದು ಗೊತ್ತುಪಡಿಸುತ್ತದೆ: ವಿಷಯ ಶೀರ್ಷಿಕೆಗಳು, ಭಾಷೆಗಳು, ಊರುಗಳು, ವ್ಯಕ್ತಿನಾಮಗಳು. ಲೈಬ್ರರಿ ಆಫ್ ಕಾಂಗ್ರೆಸ್ 2009ರಿಂದ ತನ್ನ ವಿಷಯ ಶೀರ್ಷಿಕೆಗಳನ್ನು ಹೀಗೆ ತೆರೆದಿಟ್ಟಿದೆ. ಜಗತ್ತಿನ ಅನೇಕ ರಾಷ್ಟ್ರೀಯ ಗ್ರಂಥಾಲಯಗಳ ವ್ಯಕ್ತಿನಾಮಗಳನ್ನು ಒಂದಕ್ಕೊಂದು ಗಂಟುಹಾಕುವ ವಿಯಾಫ್ ಎಂಬ ಸಂಯುಕ್ತ ನಾಮಾವಳಿಯೂ ಇದೇ ಬಗೆಯದು.

ಇಂಥ ಪಟ್ಟಿಗಳನ್ನು ಬರೆಯಲು 2009ರಲ್ಲಿ ಮಾನಕವಾದ ಸ್ಕಾಸ್ ಎಂಬ ಮಾದರಿ ಬಳಕೆಯಲ್ಲಿದೆ. ನಮ್ಮ ಕಡೆಯ ಗ್ರಂಥಪಾಲಕರು ಲಿಂಕ್ಡ್ ಡೇಟಾದಲ್ಲಿ ಒಂದೇ ಒಂದು ಸಂಗತಿ ಕಲಿಯುವುದಾದರೆ ಅದು ಸ್ಕಾಸ್ ಆಗಿರಲಿ ಎಂಬುದು ನನ್ನ ಅಭಿಪ್ರಾಯ. ಅದರ ತಿರುಳು ಸರಳ. ಪ್ರತಿಯೊಂದು ಪರಿಕಲ್ಪನೆಗೂ ಒಂದು ಗುರುತು. ಆ ಗುರುತಿಗೆ ಪ್ರತಿ ಭಾಷೆಯಲ್ಲೂ ಒಂದೇ ಒಂದು ಮುಖ್ಯ ಹೆಸರು. ಪರ್ಯಾಯ ಹೆಸರುಗಳು ಎಷ್ಟಾದರೂ ಇರಬಹುದು. ತೆರೆಯ ಮೇಲೆ ತೋರಿಸದೆ ಹುಡುಕಾಟಕ್ಕೆ ಮಾತ್ರ ಒದಗುವ ಮರೆಯ ಹೆಸರುಗಳೂ ಇರಬಹುದು, ಜನ ಸಾಮಾನ್ಯವಾಗಿ ತಪ್ಪಾಗಿ ಬೆರಳಚ್ಚಿಸುವ ಕಾಗುಣಿತಗಳು ಇಲ್ಲಿ ಬರುತ್ತವೆ. ಆಮೇಲೆ ಒಂದು ಪರಿಕಲ್ಪನೆಯಿಂದ ಇನ್ನೊಂದಕ್ಕೆ ‘ಹೆಚ್ಚು ವಿಶಾಲ’, ‘ಹೆಚ್ಚು ಕಿರಿದು’, ‘ಸಂಬಂಧಿತ’ ಎಂಬ ಕೊಂಡಿಗಳು. ಬೇರೊಂದು ಪಟ್ಟಿಯಲ್ಲಿರುವ ಪರಿಕಲ್ಪನೆಗೆ ‘ನಿಖರವಾಗಿ ಅದೇ’, ‘ಸರಿಸುಮಾರು ಅದೇ’, ‘ಅದು ಇದಕ್ಕಿಂತ ವಿಶಾಲ’ ಎಂಬ ಬೇರೆ ಕೊಂಡಿಗಳು.

ಈ ಕೊನೆಯ ಮೂರರ ನಡುವಿನ ಭೇದ ನಮಗೆ ಬಹಳ ಮುಖ್ಯ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಸಣ್ಣಾಟಗಳನ್ನು ಕುರಿತ ಪುಸ್ತಕವೊಂದು ಬಂದಿದೆ ಎನ್ನೋಣ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸಣ್ಣಾಟಕ್ಕೆಂದೇ ಹೇಳಿ ಮಾಡಿಸಿದ ಜಾಗ ಕಾಣದೆ ಸೂಚೀಕಾರ ಅದನ್ನು ‘ಜನಪದ ನಾಟಕ’ ಎಂಬ ದೊಡ್ಡ ಚೀಲಕ್ಕೆ ಹಾಕುತ್ತಾನೆ, ಇಲ್ಲವೇ ಪರಿಚಿತ ಹೆಸರೆಂದು ‘ಯಕ್ಷಗಾನ’ಕ್ಕೆ ಸೇರಿಸಿಬಿಡುತ್ತಾನೆ. ಮೊದಲನೆಯದು ಸಡಿಲ, ಎರಡನೆಯದು ತಪ್ಪು. ನಮ್ಮದೇ ಒಂದು ಸ್ಕಾಸ್ ಪಟ್ಟಿ ಇದ್ದರೆ ಅದರಲ್ಲಿ ‘ಬಯಲಾಟ’ದ ಕೆಳಗೆ ‘ದೊಡ್ಡಾಟ’ ಮತ್ತು ‘ಸಣ್ಣಾಟ’, ಸಣ್ಣಾಟದ ಕೆಳಗೆ ‘ಶ್ರೀಕೃಷ್ಣ ಪಾರಿಜಾತ’ ನಿಲ್ಲುತ್ತವೆ. ಪಾರಿಜಾತವನ್ನು ಸಣ್ಣಾಟದಿಂದ ಬೇರೆಯಾಗಿಯೇ ಎಣಿಸಬೇಕೆನ್ನುವ ವಿದ್ವಾಂಸರಿದ್ದರೆ ಅದನ್ನು ‘ಸಂಬಂಧಿತ’ ಎಂದು ಪಕ್ಕಕ್ಕೆ ಸರಿಸಿದರಾಯಿತು, ಪುಸ್ತಕಗಳ ದಾಖಲೆಗಳಿಗೆ ಕೈ ಹಚ್ಚಬೇಕಾಗಿಲ್ಲ. ಗೀಗೀ ಪದದ ಕೆಳಗೆ ಹರದೇಶಿ, ನಾಗೇಶಿ ಎಂಬ ಎರಡು ಪರಂಪರೆಗಳಿಗೂ ತಮ್ಮ ತಮ್ಮ ಗುರುತು ಸಿಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ನಮ್ಮ ‘ಸಣ್ಣಾಟ’ದಿಂದ ಅಂತರರಾಷ್ಟ್ರೀಯ ಪಟ್ಟಿಯ ‘ಜನಪದ ನಾಟಕ’ಕ್ಕೆ ‘ಅದು ಇದಕ್ಕಿಂತ ವಿಶಾಲ’ ಎಂಬ ಕೊಂಡಿ ಹಾಕಿದರೆ, ಹೊರಗಿನಿಂದ ಹುಡುಕುವವನಿಗೂ ಪುಸ್ತಕ ಸಿಗುತ್ತದೆ, ಒಳಗಿನ ಭೇದವೂ ಅಳಿಯುವುದಿಲ್ಲ. ದೊಡ್ಡ ಪಟ್ಟಿಯವರು ತಮ್ಮಲ್ಲಿ ನಮಗೊಂದು ಜಾಗ ಮಾಡಿಕೊಡಲೆಂದು ಕಾಯುತ್ತ ಕೂರಬೇಕಾಗಿಲ್ಲ. ಒಂದು ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ, ಬೇಕಾದಾಗ ಜೋಡಿಸಿಕೊಳ್ಳಬೇಕೆಂಬ ಯೋಚನೆಯನ್ನು ಎಸ್.ಆರ್. ರಂಗನಾಥನ್ 1933ರ ಕೋಲನ್ ವರ್ಗೀಕರಣದಲ್ಲಿಯೇ ಮುಂದಿಟ್ಟಿದ್ದರೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಗ್ರಂಥಾಲಯ ವಿಜ್ಞಾನದ ಪರೀಕ್ಷೆ ಮುಗಿಯುತ್ತಲೇ ನಾವು ಮರೆಯುವ ಪಾಠಗಳಲ್ಲಿ ಅದೂ ಒಂದು.

ಕೃತಿ, ಆವೃತ್ತಿ, ಪ್ರತಿ

ಸಂಬಂಧಗಳ ಪಟ್ಟಿ ಏಕೆ ಇಷ್ಟು ವಿಸ್ತಾರವಾಗಬೇಕಾಯಿತು ಎಂಬ ಪ್ರಶ್ನೆಗೆ ಉತ್ತರ ‘ಪುಸ್ತಕ’ ಎಂಬುದು ಏನು ಎಂಬಲ್ಲಿದೆ. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ 1998ರಲ್ಲಿ ಒಂದು ಮಾದರಿಯನ್ನು ಪ್ರಕಟಿಸಿ, 2017ರಲ್ಲಿ ಅದನ್ನು ಎಲ್‌ಆರ್‌ಎಂ ಎಂಬ ಹೆಸರಿನಲ್ಲಿ ಪರಿಷ್ಕರಿಸಿತು. ಅದರ ಪ್ರಕಾರ ನಾಲ್ಕು ಪದರಗಳಿವೆ: ಮನಸ್ಸಿನಲ್ಲಿ ಒಂದಾಗಿ ಎಣಿಸುವ ಕೃತಿ, ಅದು ಒಂದು ಭಾಷೆಯಲ್ಲಿ, ಒಂದು ಪಾಠದಲ್ಲಿ ತಾಳಿದ ಅಭಿವ್ಯಕ್ತಿ, ಒಬ್ಬ ಪ್ರಕಾಶಕ ಒಂದು ವರ್ಷದಲ್ಲಿ ಹೊರತಂದ ಮುದ್ರಿತ ರೂಪ, ನಮ್ಮ ಕಪಾಟಿನಲ್ಲಿ ಅಕ್ಸೆಷನ್ ನಂಬರ್ ಹೊತ್ತು ಕುಳಿತ ಪ್ರತಿ. ಬಿಬ್‌ಫ್ರೇಮ್ ಇವನ್ನು ಮೂರಕ್ಕೆ ಇಳಿಸಿಕೊಂಡಿದೆ. ಅನುವಾದಗಳಿಗೂ ಪಾಠಾಂತರಗಳಿಗೂ ಅದರಲ್ಲಿ ತಕ್ಕಷ್ಟು ಜಾಗವಿಲ್ಲವೆಂಬ ಆಕ್ಷೇಪ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಮಾರ್ಕ್ ದಾಖಲೆಯಲ್ಲಿ ಈ ನಾಲ್ಕೂ ಪದರಗಳು ಒಂದೇ ಕಾರ್ಡಿನಲ್ಲಿ ಅಂಟಿಕೊಂಡಿವೆ. ಕಾದಂಬರಿಯೊಂದಕ್ಕೆ ಅದರಿಂದ ದೊಡ್ಡ ತೊಂದರೆಯಿಲ್ಲ. ವಚನ ಸಾಹಿತ್ಯಕ್ಕೆ ಬಂದಾಗ ಕಷ್ಟ ಎದುರಾಗುತ್ತದೆ. ಬಸವಣ್ಣನವರ ಒಂದು ವಚನ ಹತ್ತಾರು ಸಂಕಲನಗಳಲ್ಲಿ, ಕೆಲವೆಡೆ ಪಾಠಭೇದಗಳೊಂದಿಗೆ, ಇಂಗ್ಲಿಷ್, ಹಿಂದಿ, ಮರಾಠಿ ಅನುವಾದಗಳಲ್ಲಿ ಹರಡಿಕೊಂಡಿದೆ. ಸಂಕಲನಕ್ಕೆ ದಾಖಲೆಯಿದೆಯೇ ಹೊರತು ವಚನಕ್ಕೆ ದಾಖಲೆಯಿಲ್ಲ. ವಚನವೇ ಒಂದು ಕೃತಿಯೆಂದು ಗುರುತು ಪಡೆದರೆ, ‘ಈ ವಚನ – ಇದರ ಕರ್ತೃ – ಬಸವಣ್ಣ’, ‘ಈ ವಚನ – ಇದರಲ್ಲಿರುವ ಅಂಕಿತ – ಕೂಡಲಸಂಗಮದೇವ’, ‘ಈ ಸಂಕಲನ – ಒಳಗೊಂಡಿದೆ – ಈ ವಚನವನ್ನು’ ಎಂಬ ಹೇಳಿಕೆಗಳು ಸಾಧ್ಯವಾಗುತ್ತವೆ. 1923ರಲ್ಲಿ ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಂದಿನಿಂದ ಇಂದಿನವರೆಗಿನ ಆವೃತ್ತಿಗಳನ್ನು ಒಂದು ವಚನದ ಸುತ್ತ ನಿಲ್ಲಿಸಿ ನೋಡಬೇಕೆನ್ನುವ ಸಂಶೋಧಕನಿಗೆ ಇದಕ್ಕಿಂತ ಬೇರೆ ದಾರಿಯಿಲ್ಲ. ಕರ್ತೃತ್ವದ ಬಗ್ಗೆ ತಕರಾರಿರುವ ವಚನವಾದರೆ, ಇಬ್ಬರು ಸಂಪಾದಕರ ಎರಡು ಹೇಳಿಕೆಗಳನ್ನೂ, ಯಾವುದು ಯಾರದೆಂದು ಗುರುತುಮಾಡಿ, ಅಕ್ಕಪಕ್ಕ ಇಡಬಹುದು. ಕಾರ್ಡಿನಲ್ಲಿ ಇದಕ್ಕೆ ಸ್ಥಳವಿರಲಿಲ್ಲ. ಸೂಚೀಕಾರ ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕಾಗಿತ್ತು.

ಕರ್ತೃವೇ ಇಲ್ಲದ ಪುಸ್ತಕದ ಕಥೆ ಇನ್ನೂ ಸ್ವಾರಸ್ಯಕರವಾದದ್ದು. 1931ರಲ್ಲಿ ಹಲಸಂಗಿ ಗೆಳೆಯರು ಹೊರತಂದ ‘ಗರತಿಯ ಹಾಡು’ ಎಂಬ ಜನಪದ ಸಂಕಲನವನ್ನೇ ತೆಗೆದುಕೊಳ್ಳಿ. ಹಾಡುಗಳನ್ನು ಕಟ್ಟಿದವರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು, ಅವರ ಹೆಸರು ಯಾರಿಗೂ ಗೊತ್ತಿಲ್ಲ. 100ರ ಮನೆಯಲ್ಲಿ ಏನು ಬರೆಯಬೇಕು? ಸಂಗ್ರಹಿಸಿದವರ ಹೆಸರನ್ನು ಅಲ್ಲಿ ಬರೆದರೆ ಅವರೇ ಕವಿಗಳೆಂದಾಗುತ್ತದೆ, ಬಿಟ್ಟರೆ ಅವರ ಶ್ರಮ ಕಾಣದೆ ಹೋಗುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಪಾತ್ರಗಳ ಪಟ್ಟಿಯಲ್ಲಿ ಲೇಖಕ, ಸಂಪಾದಕ, ಸಂಗ್ರಾಹಕ, ಸಂಕಲನಕಾರ, ಮುನ್ನುಡಿಕಾರ ಇವರೆಲ್ಲರಿಗೂ ಬೇರೆ ಬೇರೆ ಗುರುತುಗಳಿದ್ದು, ಕೃತಿ ಮತ್ತು ವ್ಯಕ್ತಿಯ ನಡುವೆ ಸರಿಯಾದ ಸಂಬಂಧವನ್ನೇ ಆರಿಸಬಹುದು. ಇನ್ನು ಆ ವ್ಯಕ್ತಿಗಳ ಕಡೆಗೆ ಬಂದರೆ, ಬಳಗದ ಪ್ರಮುಖರಾದ ಮಧುರಚೆನ್ನರು ಹುಟ್ಟುಹೆಸರಿನಲ್ಲಿ ಚನ್ನಮಲ್ಲಪ್ಪ ಗಲಗಲಿ. ಒಂದು ಗುರುತಿನ ಕೆಳಗೆ ಎರಡೂ ಹೆಸರುಗಳು, ಅವುಗಳ ಎಲ್ಲ ಕಾಗುಣಿತಗಳೊಂದಿಗೆ, ತಂಟೆಯಿಲ್ಲದೆ ಕೂರುತ್ತವೆ. ‘ರಾವಬಹಾದ್ದೂರ’ ಎಂಬ ಕಾವ್ಯನಾಮದಲ್ಲಿ ಬರೆದ ಆರ್.ಬಿ. ಕುಲಕರ್ಣಿಯವರದು ಇದಕ್ಕಿಂತ ತೊಡಕಿನ ಪ್ರಕರಣ. ಅದೇ ಶಬ್ದ ಬ್ರಿಟಿಷ್ ಸರಕಾರ ಅನೇಕರಿಗೆ ಕೊಟ್ಟ ಬಿರುದೂ ಆಗಿರುವುದರಿಂದ, ಹೆಸರನ್ನಷ್ಟೇ ಹಿಡಿದು ಹುಡುಕಿದರೆ ಸಿಗುವವರಲ್ಲಿ ಹೆಚ್ಚಿನವರು ಕಾದಂಬರಿಯನ್ನೇ ಬರೆದವರಲ್ಲ.

ಪ್ರತಿಯ ಪದರ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ವಿಜಯಪುರದ ಅಸರ್ ಮಹಲ್ ಸಾಕ್ಷಿ. ಆದಿಲ್‌ಶಾಹಿ ಕಾಲದ ಸಂಗ್ರಹದಿಂದ ಅಲ್ಲಿ ಉಳಿದಿದ್ದ ಅರಬ್ಬಿ, ಪಾರಸಿ ಹಸ್ತಪ್ರತಿಗಳನ್ನು 19ನೆಯ ಶತಮಾನದಲ್ಲಿ ಲಂಡನ್ನಿನ ಇಂಡಿಯಾ ಆಫೀಸಿಗೆ ಸಾಗಿಸಲಾಯಿತು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿ, ಬಿಜಾಪುರದ ಹೆಸರನ್ನೇ ಹೊತ್ತ ಕರೆಸಂಖ್ಯೆಗಳಡಿ ಇವೆ. ಹಸ್ತಪ್ರತಿಗಳು ಮರಳಿ ಬರಲಿ ಬಿಡಲಿ, ‘ಈ ಪ್ರತಿ – ಹಿಂದೆ ಇದ್ದ ಸ್ಥಳ – ಅಸರ್ ಮಹಲ್’ ಎಂಬ ಹೇಳಿಕೆ ಅಲ್ಲಿನ ಸೂಚಿಯಲ್ಲಿದ್ದು, ಅಸರ್ ಮಹಲಿನ ಗುರುತು ಇಲ್ಲಿಯೂ ಅದೇ ಆಗಿದ್ದರೆ, ವಿಜಯಪುರದಲ್ಲಿ ಕುಳಿತ ಓದುಗನ ಒಂದೇ ಹುಡುಕಾಟಕ್ಕೆ ಎರಡೂ ಊರಿನ ಸಂಗ್ರಹಗಳು ಉತ್ತರಿಸುತ್ತವೆ.

ಸೂಚೀಕಾರನ ಮೇಜಿನ ಮೇಲೆ

ಇಷ್ಟು ಕೇಳಿದ ಗ್ರಂಥಪಾಲಕರ ಮೊದಲ ಪ್ರಶ್ನೆ, ಕೋಹಾವನ್ನು ಕಿತ್ತೆಸೆದು ಬಿಬ್‌ಫ್ರೇಮ್‌ಗೆ ಹೋಗಬೇಕೇ ಎಂಬುದು. ಸದ್ಯಕ್ಕೆ ಬೇಡ ಎಂಬುದೇ ನನ್ನ ಉತ್ತರ. ಮಾರ್ಕ್ ದಾಖಲೆಗಳನ್ನು ಬಿಬ್‌ಫ್ರೇಮ್‌ಗೆ ಪರಿವರ್ತಿಸುವ ಪ್ರೋಗ್ರಾಮನ್ನು ಲೈಬ್ರರಿ ಆಫ್ ಕಾಂಗ್ರೆಸ್ ಉಚಿತವಾಗಿಯೇ ಕೊಟ್ಟಿದೆ, ಒಂದು ದಾಖಲೆಯಿಂದ ಹತ್ತಾರು ಹೇಳಿಕೆಗಳನ್ನು ಅದು ಕ್ಷಣದಲ್ಲಿ ತೆಗೆದುಕೊಡುತ್ತದೆ. ಆದರೆ 100ರ ಮನೆಯಲ್ಲಿ ಹಳಕಟ್ಟಿಯವರ ಹೆಸರು ಐದು ರೂಪದಲ್ಲಿದ್ದರೆ ಪರಿವರ್ತನೆಯ ನಂತರ ಐವರು ಹಳಕಟ್ಟಿಗಳು ಹುಟ್ಟುತ್ತಾರೆ, ಪ್ರತಿಯೊಬ್ಬರಿಗೂ ತಮ್ಮದೇ ಕೃತಿಗಳು. ಕಾರ್ಡಿನ ಅಸ್ತವ್ಯಸ್ತತೆ ಹೊಸ ಮಾದರಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ನೆಲೆಯೂರುತ್ತದೆ. ಆದ್ದರಿಂದ ಮೊದಲು ಆಗಬೇಕಾದದ್ದು ನಾಮಾವಳಿಯ ಕೆಲಸ, ಅಂದರೆ ನಾವು ಗಣಕೀಕರಣದ ಹೊತ್ತಿನಲ್ಲಿ ಕೈಬಿಟ್ಟ ಆ ‘ನೋಡಿ’ ಕಾರ್ಡುಗಳ ಕೆಲಸ.

ಅದಕ್ಕೆ ಬೇಕಾದ ಅನುಕೂಲ ಮಾರ್ಕ್‌ನೊಳಗೇ ಇದೆ. ಹೆಸರಿನ ಮತ್ತು ವಿಷಯದ ಮನೆಗಳಲ್ಲಿ ಸೊನ್ನೆ ಮತ್ತು ಒಂದು ಎಂಬ ಎರಡು ಉಪಮನೆಗಳಿವೆ. ಸೊನ್ನೆಯಲ್ಲಿ ನಾಮಾವಳಿಯ ದಾಖಲೆಯ ಗುರುತನ್ನು, ಒಂದರಲ್ಲಿ ಆ ವ್ಯಕ್ತಿಯದೇ ಅಥವಾ ಊರಿನದೇ ಗುರುತನ್ನು ಬರೆಯಬೇಕು. ಹಳಕಟ್ಟಿಯವರನ್ನು ಕುರಿತ ದಾಖಲೆ ಬೇರೆ, 1880ರಲ್ಲಿ ಹುಟ್ಟಿದ ಆ ಮನುಷ್ಯ ಬೇರೆ. ದಾಖಲೆಗೆ ಹುಟ್ಟಿದ ದಿನವೆಂದರೆ ಅದನ್ನು ಬೆರಳಚ್ಚಿಸಿದ ದಿನ. ಈ ಭೇದ ಕೂದಲು ಸೀಳಿದಂತೆ ಕಂಡರೂ, ಎರಡನ್ನೂ ಕಲಸಿದರೆ ಯಂತ್ರ ವಿಚಿತ್ರ ತೀರ್ಮಾನಗಳಿಗೆ ಬರುತ್ತದೆ. ಹೊಸ ಪುಸ್ತಕ ದಾಖಲಿಸುವಾಗ ವಿಯಾಫ್‌ನಲ್ಲಿ ಅಥವಾ ವಿಕಿಡೇಟಾದಲ್ಲಿ ಲೇಖಕನನ್ನು ಹುಡುಕಿ ಆ ಗುರುತನ್ನು ಸೇರಿಸಿಟ್ಟರೆ, ಓಪ್ಯಾಕ್ ಅದನ್ನು ಇಂದು ಬಳಸದಿದ್ದರೂ ಮುಂದಿನ ಪರಿವರ್ತನೆಯ ದಿನ ಆ ದಾಖಲೆ ತನ್ನ ಜಾಗವನ್ನು ತಾನೇ ಕಂಡುಕೊಳ್ಳುತ್ತದೆ.

ಸೂಚೀಕಾರನ ಶ್ರಮದ ಸ್ವರೂಪವೇ ಇಲ್ಲಿ ಬದಲಾಗುತ್ತದೆ. ಮೊದಲು ಶೀರ್ಷಿಕೆ ಪುಟ ನೋಡಿ, ವಿರಾಮ ಚಿಹ್ನೆ ತಪ್ಪದಂತೆ ನಕಲು ಮಾಡುವುದರಲ್ಲಿ ಹೊತ್ತು ಹೋಗುತ್ತಿತ್ತು. ಈಗ ಆ ಹೊತ್ತು ಒಂದೇ ಪ್ರಶ್ನೆಗೆ ಹೋಗಬೇಕು: ಈ ಪುಸ್ತಕದ ಎಂ.ಎಸ್. ಪಾಟೀಲ ಯಾವ ಎಂ.ಎಸ್. ಪಾಟೀಲ? ಪಾಟೀಲ, ಕುಲಕರ್ಣಿ, ದೇಸಾಯಿ, ಬಿರಾದಾರ ಎಂಬ ಅಡ್ಡಹೆಸರುಗಳೂ ಎರಡಕ್ಷರದ ಇನಿಷಿಯಲ್‌ಗಳೂ ತುಂಬಿದ ನಮ್ಮ ಸೀಮೆಯಲ್ಲಿ ಇದು ದೆಹಲಿಯಲ್ಲೋ ವಾಷಿಂಗ್ಟನ್ನಿನಲ್ಲೋ ಕುಳಿತು ಉತ್ತರಿಸಬಹುದಾದ ಪ್ರಶ್ನೆಯಲ್ಲ. ಪ್ರಕಾಶಕರಿಗೆ ಫೋನ್ ಮಾಡಿ, ಮುನ್ನುಡಿ ಓದಿ, ಊರಿನ ಹಿರಿಯ ಮೇಷ್ಟ್ರನ್ನು ಕೇಳಿ ತಿಳಿಯಬೇಕಾದದ್ದು. ವಿಕಿಡೇಟಾದಲ್ಲಿ ಆ ಲೇಖಕರು ಇಲ್ಲದಿದ್ದರೆ, ಪ್ರಕಟಿತ ಆಧಾರವನ್ನು ಕೊಟ್ಟು ಹೊಸ ನಮೂದನ್ನು ನಾವೇ ಸೃಷ್ಟಿಸಬಹುದು. ‘ಲೇಖಕ’ ಎಂಬ ಸಂಬಂಧಕ್ಕೆ ಅಲ್ಲಿ ಪಿ50, ವಿಯಾಫ್ ಸಂಖ್ಯೆಗೆ ಪಿ214. ಬದುಕಿರುವ ಲೇಖಕರ ವಿಷಯದಲ್ಲಿ ಎಚ್ಚರ ಬೇಕು. ಪುಸ್ತಕದಲ್ಲಿ ಅಚ್ಚಾಗದ ಜನ್ಮದಿನಾಂಕವನ್ನೋ ವಿಳಾಸವನ್ನೋ, ಪರಿಚಯವಿದೆಯೆಂಬ ಕಾರಣಕ್ಕೆ ಅಲ್ಲಿ ಹಾಕುವುದು ಸಲ್ಲದು.

ಲಿಪಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮೇಲಿನದೆಲ್ಲ ಅಪೂರ್ಣ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಬಳಕೆಗೆ ಬರುವ ಮೊದಲು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ತುಂಬಿದ ದಾಖಲೆಗಳು ಇಂದು ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಮೊದಲು ಯೂನಿಕೋಡ್‌ಗೆ ತರಬೇಕು. ಯೂನಿಕೋಡ್‌ನೊಳಗೂ ಬಲೆಗಳಿವೆ. ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊಕಾರದ ಚಿಹ್ನೆಗಳೆರಡರ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸರಿಪಡಿಸದ ದತ್ತಾಂಶದಲ್ಲಿ ‘ಬಾಗಲಕೊಟ’ ಎಂಬ ಕಾಗುಣಿತದ ಎರಡು ನಮೂದುಗಳು ಒಂದನ್ನೊಂದು ಗುರುತಿಸದೆ ಹೋಗಲು ಇಷ್ಟು ಸಾಕು.

ತಮ್ಮದೇ ಗುರುತುಗಳನ್ನು ಸೃಷ್ಟಿಸಬೇಕೆಂಬ ಉತ್ಸಾಹವನ್ನು ಸಣ್ಣ ಗ್ರಂಥಾಲಯಗಳು ಹತ್ತಿಕ್ಕಿಕೊಳ್ಳುವುದು ಲೇಸು. ಯುಆರ್‌ಐ ವೆಬ್ ವಿಳಾಸವಾದ್ದರಿಂದ, ಕಾಲೇಜು ತನ್ನ ಜಾಲತಾಣದ ಹೆಸರನ್ನು ಬದಲಿಸಿದ ದಿನ ಅಥವಾ ವಾರ್ಷಿಕ ಶುಲ್ಕ ಕಟ್ಟಲು ಮರೆತ ದಿನ ಅದರ ಮೇಲೆ ನಿಂತ ಗುರುತುಗಳೆಲ್ಲ ಸತ್ತಂತೆಯೇ. ವ್ಯಕ್ತಿ ಮತ್ತು ಊರುಗಳಿಗೆ ಈಗಾಗಲೇ ಭದ್ರವಾಗಿ ನಿಂತಿರುವ ಹೊರಗಿನ ಗುರುತುಗಳನ್ನೇ ಬಳಸಬೇಕು. ಹೊರಗೆ ಸಿಗದ ಸಣ್ಣಾಟ, ಗೀಗೀ ಪದ, ವಚನಗಳಂಥ ಪರಿಕಲ್ಪನೆಗಳ ಪಟ್ಟಿಯನ್ನು ಮಾತ್ರ ನಾವು ಕಟ್ಟಬೇಕು, ಅದನ್ನೂ ಒಂದೊಂದು ಕಾಲೇಜು ಬೇರೆ ಬೇರೆಯಾಗಿ ಕಟ್ಟದೆ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ಮೂರೂ ಜಿಲ್ಲೆಗಳ ಗ್ರಂಥಪಾಲಕರು ಸೇರಿ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೋ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೋ ದೀರ್ಘಕಾಲ ಉಳಿಸಿಕೊಳ್ಳಬಲ್ಲ ಒಂದು ವಿಳಾಸದಡಿ ಕಟ್ಟಬೇಕು. ಆರಂಭಕ್ಕೆ ಸ್ಪ್ರೆಡ್‌ಶೀಟ್ ಸಾಕು: ಗುರುತಿಗೆ ಒಂದು ಕಂಬ, ಕನ್ನಡದ ಮುಖ್ಯ ಹೆಸರಿಗೆ ಒಂದು, ಪರ್ಯಾಯಗಳಿಗೆ ಒಂದು, ಮೇಲಿನ ಪರಿಕಲ್ಪನೆಗೆ ಒಂದು, ಹೊರಗಿನ ಪಟ್ಟಿಯ ಕೊಂಡಿಗೆ ಒಂದು. ಅದನ್ನು ಸ್ಕಾಸ್ ಆಗಿ ಬದಲಿಸುವುದು ಗಣಕದ ವಿದ್ಯಾರ್ಥಿಯೊಬ್ಬ ಮಾಡಿಕೊಡಬಹುದಾದ ಕೆಲಸ. ಹರದೇಶಿಯನ್ನೂ ನಾಗೇಶಿಯನ್ನೂ ಯಾವುದರ ಕೆಳಗೆ ಇಡಬೇಕೆಂದು ತೀರ್ಮಾನಿಸಲು ಮಾತ್ರ ಹಾಡುವವರನ್ನೇ ಕರೆದು ಕೂರಿಸಿ ಕೇಳಬೇಕಾಗುತ್ತದೆ.